ಹಳೆ ಚಿಮಣಿ: ಎಲ್ಲಿಯವರೆಗೆ ಬಿಚ್ಚಬೇಕು?

ಹಂಚಿನ ಕಾರ್ಖಾನೆಯ ಇಟ್ಟಿಗೆ ಚಿಮಣಿಯ ತಲೆಯಲ್ಲಿ ಬಿರುಕು ಕಂಡರೆ ಮಾಲೀಕರು ಮೊದಲು ಕೇಳುವುದು ಒಂದೇ: ಇಡೀ ಕೆಡವಬೇಕೋ, ಸಿಮೆಂಟ್ ಮೆತ್ತಿದರೆ ಸಾಕೋ? ಹೆಚ್ಚಿನ ಸಲ ಎರಡೂ ತಪ್ಪು. ಕೆಟ್ಟಿರುವುದು ಯಾವ ವರಸೆಯವರೆಗೆ (ಇಟ್ಟಿಗೆಯ ಅಡ್ಡಸಾಲಿನವರೆಗೆ), ಯಾಕೆ ಕೆಟ್ಟಿತು ಎಂದು ಹುಡುಕಬೇಕು.

1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ನೇತ್ರಾವತಿ, ಗುರುಪುರ ಹೊಳೆಗಳ ಆಸುಪಾಸಿನಲ್ಲಿ ಇಂಥ ಚಿಮಣಿಗಳು ಸಾಲಾಗಿ ಎದ್ದವು. ಹಳೆಯವನ್ನು ಕಟ್ಟಿದ್ದು ಸುಣ್ಣದ ಗಾರೆಯಲ್ಲಿ. ಒಲೆ ಉರಿಯುತ್ತಿದ್ದಷ್ಟು ಕಾಲ ಒಳಗಿನ ಬಿಸಿ ಗೋಡೆಯನ್ನು ಒಣಗಿಸುತ್ತಿತ್ತು. ಕಾರ್ಖಾನೆ ಮುಚ್ಚಿದ ಮೇಲೆ ವರ್ಷಕ್ಕೆ 3,500 ಮಿ.ಮೀ.ಗೂ ಮಿಕ್ಕಿದ ಮಳೆ ಒಳಗೂ ಹೊರಗೂ ಸುರಿಯುತ್ತದೆ, ಒಣಗಿಸುವವರಿಲ್ಲ. ನಿಂತ ಚಿಮಣಿ ಉರಿಯುವ ಚಿಮಣಿಗಿಂತ ಬೇಗ ಕೆಡುವುದು ಇದಕ್ಕೇ.

ಪರೀಕ್ಷೆಗೆ ಒಳ್ಳೆಯ ಕಾಲ ಮಳೆ ನಿಂತ ಕೂಡಲೇ, ಅಕ್ಟೋಬರ್–ನವೆಂಬರ್. ಒದ್ದೆ ಎಲ್ಲಿ ಉಳಿದಿದೆ ಎಂಬುದು ಆಗ ಬಣ್ಣದಲ್ಲೇ ಕಾಣುತ್ತದೆ. ಕೆಳಗೆ ನಿಂತು ದುರ್ಬೀನಿನಲ್ಲಿ ನೋಡಿ ತೀರ್ಮಾನಿಸಬಾರದು. ಸಾರುವೆ ಕಟ್ಟಿ ಅಥವಾ ಕ್ರೇನ್ ಬುಟ್ಟಿಯಲ್ಲಿ ಹತ್ತಿ ಪ್ರತಿ ಮೀಟರಿಗೂ ನಾಲ್ಕು ದಿಕ್ಕಿನಲ್ಲಿ ಸುತ್ತಿಗೆಯಿಂದ ಮೆಲ್ಲಗೆ ತಟ್ಟಬೇಕು. ಗಟ್ಟಿ ಇಟ್ಟಿಗೆ ಖಣ್ ಎನ್ನುತ್ತದೆ; ಸಡಿಲವಾದದ್ದು ಬೊದ್ದು ಸದ್ದು ಕೊಡುತ್ತದೆ. ಸಂದಿಗೆ ಒಂದು ಮೊಳೆ ಹಾಕಿ ಕೆರೆಯಿರಿ. 20–25 ಮಿ.ಮೀ. ಒಳಗೆ ಗಟ್ಟಿ ಗಾರೆ ಸಿಕ್ಕಿದರೆ ಪಾಯಿಂಟಿಂಗ್, ಅಂದರೆ ಸಂದಿಗೆ ಹೊಸ ಗಾರೆ ತುಂಬುವುದು, ಸಾಕು. ಅರ್ಧ ಇಟ್ಟಿಗೆಯ ಆಳಕ್ಕೂ ಹಿಟ್ಟಿನಂತೆ ಉದುರಿದರೆ, ಇಟ್ಟಿಗೆ ಕೈಯಲ್ಲೇ ಅಲ್ಲಾಡಿದರೆ, ಆ ವರಸೆ ಬಿಚ್ಚಲೇಬೇಕು.

ಸಾಮಾನ್ಯವಾಗಿ ಮೊದಲು ಸೋಲುವುದು ಮೇಲಿನ ಎರಡು ಮೂರು ಮೀಟರ್. ಅಲ್ಲಿ ಎರಡೂ ಕಡೆಯಿಂದ ನೀರು, ಮೇಲಿನಿಂದ ಭಾರವಿಲ್ಲ, ಹೊಗೆ ತಣ್ಣಗಾಗಿ ಹುಳಿ ನೀರಾಗುವುದೂ ಅಲ್ಲೇ. ಇದರ ಜೊತೆಗೆ ಚಿಮಣಿಯ ಸುತ್ತ ಬಿಗಿದ ಕಬ್ಬಿಣದ ಪಟ್ಟಿಯ ಕಾಟ. ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಇಟ್ಟಿಗೆಯನ್ನು ಸೀಳುತ್ತದೆ. ಪಟ್ಟಿಯ ಮೇಲೂ ಕೆಳಗೂ ನೆಟ್ಟಗೆ ಇಳಿಯುವ ಬಿರುಕಿದ್ದರೆ ಸಂಶಯ ಅದರ ಮೇಲೇ. ಆದರೂ ಎಲ್ಲ ಪಟ್ಟಿಗಳನ್ನು ಒಟ್ಟಿಗೆ ಕತ್ತರಿಸಬಾರದು. ಒಂದು ತೆಗೆದು, ಸ್ಟೇನ್‌ಲೆಸ್ ಸ್ಟೀಲಿನದು ಬಿಗಿದು, ಆಮೇಲೆ ಇನ್ನೊಂದು.

ಅಶ್ವತ್ಥ, ಗೋಳಿಯ ಸಸಿಯನ್ನು ಎಳೆದು ಕೀಳಬೇಡಿ, ಇಟ್ಟಿಗೆಯೂ ಜೊತೆಗೆ ಬರುತ್ತದೆ. ಕತ್ತರಿಸಿದ ಬುಡಕ್ಕೆ ಕಳೆನಾಶಕ ಹಚ್ಚಿ, ಸತ್ತ ಮೇಲೆ ತುಂಬಿಸಿ. ಬೇರು ಗೋಡೆಯ ಒಳಮೈಗೂ ಬಂದಿದ್ದರೆ ಅದು ಮುಗಿಯುವ ವರಸೆಯವರೆಗೆ ಬಿಚ್ಚುವುದೇ ದಾರಿ.

ವಾಲುವಿಕೆಗೆ ಮಾತ್ರ ಲೆಕ್ಕ ಬೇಕು. ಬುಡದಿಂದಲೇ ನೇರವಾಗಿ ವಾಲಿದ್ದರೆ ಅಡಿಪಾಯ ನೋಡಿ. ನಡುವಿನಿಂದ ಬಾಗಿದ್ದರೆ ಒಂದು ಬದಿಯ ಗಾರೆ ಕೆಟ್ಟಿದೆ. ಗಾಳಿಯ ಒತ್ತಡ ಸೇರಿಸಿದ ಮೇಲೂ ಭಾರದ ಗೆರೆ (ಒಟ್ಟು ಭಾರ ಕೆಳಗಿಳಿಯುವ ದಾರಿ) ನಡುವಿನಿಂದ ಒಂದು ಮಿತಿ ದಾಟಬಾರದು. ದುಂಡು ಚಿಮಣಿಗೆ ಆ ಮಿತಿ ಹೀಗೆ: ಹೊರವ್ಯಾಸ, ಒಳವ್ಯಾಸಗಳ ವರ್ಗಗಳನ್ನು ಕೂಡಿಸಿ, ಹೊರವ್ಯಾಸದ ಎಂಟರಷ್ಟರಿಂದ ಭಾಗಿಸಿ. ಹೊರಗೆ 3 ಮೀ., ಒಳಗೆ 1.8 ಮೀ. ಇದ್ದರೆ ಸುಮಾರು 51 ಸೆಂ.ಮೀ. ಅದರಾಚೆ ಹೋದರೆ ಒಂದು ಬದಿಗೆ ಎಳೆತ ಬೀಳುತ್ತದೆ, ಇಟ್ಟಿಗೆ ಗೋಡೆ ಎಳೆತ ತಡೆಯದು. ಈ ಲೆಕ್ಕ ಸ್ಟ್ರಕ್ಚರಲ್ ಇಂಜಿನಿಯರ್ ಕೈಯಲ್ಲೇ ಮಾಡಿಸಿ, ಬುಡಕ್ಕೆ ಮಾತ್ರವಲ್ಲ, ಗೋಡೆಯ ದಪ್ಪ ಬದಲಾಗುವ ಪ್ರತಿ ಎತ್ತರಕ್ಕೂ. ವಾಲುವಿಕೆ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದರೆ ಮಿತಿಯೊಳಗಿದ್ದರೂ ಸುಮ್ಮನಿರಬೇಡಿ.

ಸುಣ್ಣದ ಗೋಡೆಗೆ ಗಟ್ಟಿ ಸಿಮೆಂಟ್ ಪಾಯಿಂಟಿಂಗ್ ಮಾಡಿದವರು ಚಿಮಣಿಗೆ ಮಾಡಿದ ಹಾನಿಯನ್ನು ಮಳೆಯೂ ಮಾಡಿಲ್ಲ ಎನ್ನಬಹುದು. ಸಂದಿಯಿಂದ ಹೊರಬರಬೇಕಾದ ತೇವ ಇಟ್ಟಿಗೆಯಿಂದಲೇ ಹೊರಬರುತ್ತದೆ, ಉಪ್ಪು ಮೈಯಲ್ಲಿ ಹರಳುಗಟ್ಟುತ್ತದೆ, ಇಟ್ಟಿಗೆಯ ಮುಖ ಹಪ್ಪಳವಾಗಿ ಏಳುತ್ತದೆ. ಕೆಳಗಿನಿಂದ ನೋಡಿದರೆ ಸಂದಿಯ ಸಿಮೆಂಟ್ ಗೆರೆಗಳು ಉಬ್ಬಿ ನಿಂತಿರುತ್ತವೆ, ನಡುವಿನ ಇಟ್ಟಿಗೆ ಒಳಗೆ ಸವೆದಿರುತ್ತದೆ.

ಬಿಚ್ಚುವಾಗ ಇಟ್ಟಿಗೆಯನ್ನು ಒಳಗೆ ಹಾಕುವ ರೂಢಿ ಇದೆ. ಬುಡದ ಬಾಗಿಲಿನಿಂದ ದಿನವೂ ಖಾಲಿ ಮಾಡದಿದ್ದರೆ ರಾಶಿಯ ಒತ್ತಡಕ್ಕೆ ಕೆಳಗೋಡೆಯೇ ಒಡೆಯುತ್ತದೆ. ಒಳಗೆ ಬೀಳುತ್ತಿರುವಾಗ ಆ ಬಾಗಿಲ ಬಳಿ ಯಾರೂ ಇರಕೂಡದು. ಗಟ್ಟಿ ಗಾರೆಯ ವರಸೆ ಸಿಕ್ಕ ಮೇಲೂ ಇನ್ನೆರಡು ವರಸೆ ಇಳಿಯಿರಿ.

ಮತ್ತೆ ಕಟ್ಟಲು ಹೊಸ ಇಟ್ಟಿಗೆಯನ್ನು ತೂಗಿ, 24 ಗಂಟೆ ನೀರಲ್ಲಿಟ್ಟು ಮತ್ತೆ ತೂಗಿ, ತೂಕದ ಶೇ. 20ಕ್ಕಿಂತ ಹೆಚ್ಚು ನೀರು ಕುಡಿದರೆ ಬೇಡ. ಮಸಿ ಮತ್ತು ಉಪ್ಪು ಹೀರಿದ ಹಳೆಯವು ಬೇರೆ ಕೆಲಸಕ್ಕೆ. ಗಾರೆ ಸುಣ್ಣ 1, ಸುರ್ಕಿ (ಇಟ್ಟಿಗೆ ಪುಡಿ) 1, ಮರಳು 2. ಹೊಳೆಮರಳೇ ಆಗಲಿ, ಉಪ್ಪುನೀರಿನ ಕಡೆಯದು ಬೇಡ. ದಿನಕ್ಕೆ ಒಂದು ಮೀಟರಿಗಿಂತ ಏರಿಸಬಾರದು, ಗೋಣಿ ಹೊದಿಸಿ ತೇವ ಕಾಯಬೇಕು. ಇದಕ್ಕೆಲ್ಲ ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಸಮಯ. ಒಲೆ ಇಲ್ಲದ ಚಿಮಣಿಗೆ ಮುಚ್ಚಳ ಹಾಕುವಾಗ ಗಾಳಿಯಾಡಲು ಸುತ್ತ ಸಂದಿ ಬಿಡಿ. ಸಿಡಿಲು ತಂತಿ ಹಾಗೇ ಇದೆಯೇ ನೋಡಿ, ತಾಮ್ರದ ಪಟ್ಟಿ ಕಳವಾಗುವುದುಂಟು. ಅದನ್ನು ನೆಲಕ್ಕೆ ಸೇರಿಸುವ ಅರ್ಥಿಂಗ್‌ನ ರೋಧ 10 ಓಮ್‌ಗಿಂತ ಕೆಳಗಿರಬೇಕು.