ಕಲಘಟಗಿಯ ಬಾವಿ ಕಟ್ಟೆಯಲ್ಲಿ ಕೆಂಪು ಬೆನ್ನಿನ ಕಪ್ಪೆ

ಹುಬ್ಬಳ್ಳಿಯಿಂದ ಕಾರವಾರ ರಸ್ತೆ ಹಿಡಿದು ಕಲಘಟಗಿ ದಾಟಿದರೆ ಎರೆಹೊಲಗಳು ಹಿಂದಾಗಿ ಭತ್ತದ ಗದ್ದೆ, ತೇಗದ ಕಾಡು ಎದುರಾಗುತ್ತವೆ. ಪಶ್ಚಿಮಘಟ್ಟದ ಕಪ್ಪೆಗಳು ನಮ್ಮ ಬಯಲಿನತ್ತ ಎಲ್ಲಿಯವರೆಗೆ ಬಂದಿವೆ ಎಂದು ತಿಳಿಯುವ ಆಸೆ ನನ್ನನ್ನು ಬಿಟ್ಟೇ ಇಲ್ಲ. ಆರಿದ್ರಾ ಮಳೆ ಹಿಡಿದಿದ್ದ ಒಂದು ರಾತ್ರಿ ಆ ಆಸೆಯೇ ನನ್ನನ್ನು ಗೆಳೆಯನ ಹೊಲದ ಬಾವಿಯ ಬಳಿ ಕರೆದೊಯ್ದಿತು.

"ಕೆಂಪು ಬೆನ್ನಿನದು ಬೇಕೇನು ತಮ್ಮಾ? ನೀರಿನಲ್ಲಿ ಹುಡುಕಬೇಡ, ಆ ಪೊದೆಯ ಬುಡ ನೋಡು" ಎಂದರು ಗೆಳೆಯನ ಅಜ್ಜ. ಅವರು ಹೇಳಿದಲ್ಲಿಯೇ ಅದು ಕುಳಿತಿತ್ತು. ಹೆಂಚಿನ ಬಣ್ಣದ ಬೆನ್ನು, ಕಪ್ಪು ಪಕ್ಕೆ, ಮೇಲ್ದುಟಿಯ ಗುಂಟ ಬಿಳಿ ಪಟ್ಟಿ. ಎಂಥ ಚೆಲುವು!

ಈ ಬಣ್ಣ ನೋಡಿದೊಡನೆ ಹೆಸರು ಹೇಳಿಬಿಡುವ ಕಾಲವೊಂದಿತ್ತು. 1838ರಲ್ಲಿ ಚುಡಿ ಎಂಬ ಸ್ವಿಸ್ ಪ್ರಾಣಿಶಾಸ್ತ್ರಜ್ಞ ಕೊಟ್ಟ 'ಮಲಬಾರಿಕಸ್' ಎಂಬ ಹೆಸರೇ ಘಟ್ಟದುದ್ದಕ್ಕೂ ಚಲಾವಣೆಯಲ್ಲಿತ್ತು. ಕುಲದ ಹೆಸರು ಮಾತ್ರ ಬದಲಾಗುತ್ತ ಬಂತು: ಮೊದಲು ರಾನಾ, ಆಮೇಲೆ ಹೈಲರಾನಾ, ಈಗ ಹೈಡ್ರೊಫೈಲ್ಯಾಕ್ಸ್. ಉತ್ತರ ಪಶ್ಚಿಮಘಟ್ಟದ ಮತ್ತು ಮಧ್ಯ ಭಾರತದ ಕಪ್ಪೆಗಳು ಬೇರೆಯೇ ಪ್ರಭೇದವೆಂದು ಗೊತ್ತಾದದ್ದು 2015ರಲ್ಲಿ. ಅದು ಹೈಡ್ರೊಫೈಲ್ಯಾಕ್ಸ್ ಬಹುವಿಸ್ತಾರ. 16ಎಸ್ ಎಂಬ ಜೀನ್‌ನಲ್ಲಿ ಎರಡಕ್ಕೂ ಸುಮಾರು ಶೇಕಡಾ 4ರಷ್ಟು ಅಂತರವಿದೆ, ಬಣ್ಣದಲ್ಲಿ ಎರಡೂ ಒಂದೇ ಎನ್ನುವಷ್ಟು ಹತ್ತಿರ.

ಹಾಗಾಗಿ ಬೆನ್ನು ಬಿಟ್ಟು ಪಾದ ನೋಡಬೇಕು. ಬಾವಿಯ ನೀರಿನಲ್ಲಿ ಕೈ ತೋಯಿಸಿಕೊಂಡು ಹಿಡಿದೆ. ಕಪ್ಪೆ ಚರ್ಮದಿಂದಲೂ ಉಸಿರಾಡುತ್ತದೆ, ನಮ್ಮ ಕೈಯ ಸೊಳ್ಳೆ ಮುಲಾಮು ಅದರ ಮೈಯೊಳಗೆ ಇಳಿದುಬಿಡುತ್ತದೆ. ಇದನ್ನು ಮರೆತು ಕಪ್ಪೆ ಮುಟ್ಟುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಗೆಳೆಯ ಟಾರ್ಚ್ ಹಿಡಿದ. ಅಗಲ ತಲೆ. ಬೆರಳ ತುದಿಯ ಪಕ್ಕದಲ್ಲಿ ಗೀರು ಇಲ್ಲ. ಕಾಲ್ಬೆರಳ ನಡುವಿನ ಪರದೆ ಸಾಧಾರಣ. ಕ್ಯಾಲಿಪರ್‌ನಿಂದ ಮೂತಿಯಿಂದ ಗುದದವರೆಗೆ ಅಳೆದೆ, ಬಳಿಕ ಪಾದವನ್ನು: ಮೈಯುದ್ದದ ಅರ್ಧಕ್ಕಿಂತ ಕಡಿಮೆ. ಬೆನ್ನು ತುಸು ಒರಟು, ಆದರೆ ಗಂಟುಗಳಿಲ್ಲ. ಇವೆಲ್ಲ ಬಹುವಿಸ್ತಾರದ ಗುರುತುಗಳೇ, ಆದರೆ ಒಂದೊಂದೇ ಗುಣ ಏನನ್ನೂ ಸಾಬೀತು ಮಾಡುವುದಿಲ್ಲ. ಎಲ್ಲವೂ ಒಂದೇ ಮೈಯಲ್ಲಿ ಕೂಡಿದ್ದರಿಂದ 'ಬಹುವಿಸ್ತಾರ' ಎಂದು ಬರೆದುಕೊಂಡೆ. ಜೀನ್ ಪರೀಕ್ಷೆ ಆಗಿಲ್ಲವೆಂಬುದನ್ನೂ ಪಕ್ಕದಲ್ಲೇ ಗುರುತು ಹಾಕಿದೆ. ಪಾದದ ಅಡಿಭಾಗದ ಚಿತ್ರ ತೆಗೆದು, ಹಿಡಿದಲ್ಲಿಯೇ ಬಿಟ್ಟೆ.

"ಇಷ್ಟು ನೋಡುವುದಿರುತ್ತದೆಯೇ ಒಂದು ಕಪ್ಪೆಯಲ್ಲಿ?" ಎಂದು ಅಜ್ಜ ಕೇಳಿದರು. ಮರುದಿನ ಅವರೇ ಗದ್ದೆಯ ಬದುವಿನಲ್ಲಿ ಇನ್ನೊಂದನ್ನು ತೋರಿಸಿ, ಇದರ ಪಾದವನ್ನೂ ಅಳೆ ಎಂದರು.

2015ಕ್ಕೆ ಮೊದಲಿನ ಯಾವುದೇ ಪಟ್ಟಿಯಲ್ಲಿ ನಮ್ಮ ಭಾಗದ ಕೆಂಪು ಬೆನ್ನಿನ ಕಪ್ಪೆ 'ಮಲಬಾರಿಕಸ್' ಎಂದಿದ್ದರೆ ಅದನ್ನು ಮತ್ತೆ ಪರಿಶೀಲಿಸಬೇಕು. ಹಾವೇರಿ ಜಿಲ್ಲೆಯ ಹಾನಗಲ್ಲಿನ ಕೆರೆಗಳಿಂದ ಆ ಕೆಲಸ ಶುರು ಮಾಡುವುದೆಂದು ಗೆಳೆಯನೂ ನಾನೂ ನಿಶ್ಚಯಿಸಿದ್ದೇವೆ. ಅಜ್ಜನೂ ಬರುತ್ತಾರಂತೆ.