ದಿನಾಂಕಗಳ ಪಟ್ಟಿ

ಬಿ.ಎ. ಅಂತಿಮ ವರ್ಷದಲ್ಲಿದ್ದಾಗ ನಾನು ಮೂರು ವರ್ಷದ ಎಲ್‌ಎಲ್‌.ಬಿ. ಪ್ರವೇಶಕ್ಕಾಗಿ ಮಹಾರಾಷ್ಟ್ರದ ಸಿಇಟಿಗೆ ಓದುತ್ತಿದ್ದೆ. ಕಾನೂನು, ಸಾಮಾನ್ಯ ಜ್ಞಾನ, ತರ್ಕ, ಇಂಗ್ಲಿಷ್ ಎಲ್ಲವೂ ನಾಲ್ಕು ಆಯ್ಕೆಗಳೊಳಗೇ ಮುಗಿಯುತ್ತಿದ್ದವು. ತಪ್ಪಿಗೆ ಅಂಕ ಕಳೆಯುತ್ತಿರಲಿಲ್ಲವಾದ್ದರಿಂದ ತಿಳಿಯದ ಪ್ರಶ್ನೆಗೂ ಧೈರ್ಯವಾಗಿ ಗುರುತು ಹಾಕಬಹುದಿತ್ತು. ಡೊಂಬಿವಲಿಯಲ್ಲಿ ನಮ್ಮ ಕಟ್ಟಡದಲ್ಲೇ ಇರುವ ವಕೀಲರೊಬ್ಬರು, ಹಗಲು ಹೋಟೆಲಿನಲ್ಲಿ ದುಡಿದು ಮುಂಬಯಿಯ ಫೋರ್ಟಿನ ಕನ್ನಡ ರಾತ್ರಿಶಾಲೆಯಲ್ಲಿ ಓದಿ ಮೇಲೆ ಬಂದವರು, ನನ್ನ ಮಾದರಿ ಪ್ರಶ್ನೆಪತ್ರಿಕೆಗಳನ್ನು ತಿರುವಿಹಾಕಿ, "ಸೀಟು ಸಿಗಲಿಕ್ಕೆ ಇಷ್ಟು ಸಾಕು ಮಗಾ, ಆದರೆ ನಾಳೆ ನನ್ನ ಜೊತೆ ಹೈಕೋರ್ಟಿಗೆ ಬಾ" ಎಂದರು.

1878ರಲ್ಲಿ ಪೂರ್ಣಗೊಂಡ ಆ ಕಲ್ಲಿನ ಕಟ್ಟಡದಲ್ಲಿ ಗಂಭೀರ ವಾಗ್ವಾದ ಕೇಳುವ ಆಸೆಯಿಂದ ನಾನು ಹಿಂದಿನ ಸಾಲಿನಲ್ಲಿ ಕುಳಿತೆ. ಕೇಳಿಸಿದ್ದು ಮಾತ್ರ ಬಹುಪಾಲು ಪುಟಸಂಖ್ಯೆಗಳು. ನೋಟಿಸು ಕೈಸೇರಿದ್ದು ಯಾವ ತಾರೀಖು ಎಂದು ನ್ಯಾಯಮೂರ್ತಿಗಳು ಕೇಳಿದಾಗ ಯುವ ವಕೀಲರೊಬ್ಬರು ಬಣ್ಣದ ಚೀಟಿ ಅಂಟಿಸಿದ ದಪ್ಪ ಕಡತವನ್ನು ಹಿಂದೆ ಮುಂದೆ ತಡಕಾಡಿದರು. ಉತ್ತರ ಸಿಗುವ ಮೊದಲೇ ಪ್ರಕರಣ ಮುಂದಕ್ಕೆ ಹೋಯಿತು. ಮುಂದಿನ ಪ್ರಕರಣದ ವಕೀಲೆ ಅಂಥದೇ ಪ್ರಶ್ನೆಗೆ ತಾರೀಖನ್ನೂ ಪುಟವನ್ನೂ ಒಂದೇ ಉಸಿರಿಗೆ ಹೇಳಿದರು. ಅವರ ಕೈಯಲ್ಲಿದ್ದದ್ದು ಅರ್ಜಿಯ ಆರಂಭದಲ್ಲೇ ಲಗತ್ತಿಸುವ ದಿನಾಂಕ ಮತ್ತು ಘಟನೆಗಳ ಪಟ್ಟಿ.

ಸಂಜೆ ಲೋಕಲ್ ರೈಲಿನಲ್ಲಿ ವಕೀಲ ಮಾಮ ನನಗೊಂದು ಕೆಲಸ ಒಪ್ಪಿಸಿದರು. ಕೇಶವಾನಂದ ಭಾರತಿ ಪ್ರಕರಣಕ್ಕೆ ಅಂಥದೇ ಪಟ್ಟಿಯನ್ನು ನಾನು ಬರೆಯಬೇಕು. ನನ್ನ ಗೈಡಿನಲ್ಲಿ ಆ ಪ್ರಕರಣ 'ಸಂವಿಧಾನದ ಮೂಲ ಸ್ವರೂಪ, 1973, 13 ನ್ಯಾಯಮೂರ್ತಿಗಳು, 7–6' ಎಂಬ ಒಂದೇ ಸಾಲಿನಲ್ಲಿತ್ತು. ತಾರೀಖುಗಳನ್ನು ಒಂದರ ಕೆಳಗೊಂದು ಇಡುತ್ತ ಹೋದಂತೆ ಆ ಸಾಲು ಬಿಚ್ಚಿಕೊಂಡಿತು. ಕಾಸರಗೋಡಿನ ಎಡನೀರು ಮಠದ ಸ್ವಾಮೀಜಿ ಕೇಶವಾನಂದ ಭಾರತಿ 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದದ್ದು ಕೇರಳದ ಭೂಸುಧಾರಣೆ ಕಾನೂನಿನ ವಿರುದ್ಧ. ಅರ್ಜಿ ಬಾಕಿಯಿರುವಾಗಲೇ, 1971–72ರಲ್ಲಿ, ಸಂವಿಧಾನಕ್ಕೆ 24, 25 ಮತ್ತು 29ನೇ ತಿದ್ದುಪಡಿಗಳು ಬಂದವು. ಮಠದ ಜಮೀನಿನ ತಕರಾರು ಸಂಸತ್ತಿನ ತಿದ್ದುಪಡಿ ಅಧಿಕಾರದ ಮಿತಿಯ ಪ್ರಶ್ನೆಯಾಗಿ ಬೆಳೆದದ್ದು ಹೀಗೆ. ತಿದ್ದುಪಡಿ ಮಾಡಬಹುದು, ಆದರೆ ಸಂವಿಧಾನದ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ ಎಂಬುದು ಆ 7–6ರ ಬಹುಮತದ ತೀರ್ಪು. ಸ್ವಾಮೀಜಿಯ ಪರವಾಗಿ ವಾದಿಸಿದ ನಾನಿ ಪಾಲ್ಖಿವಾಲಾ, ನಾನು ಸೀಟು ಬಯಸುತ್ತಿದ್ದ ಚರ್ಚ್‌ಗೇಟಿನ ಸರ್ಕಾರಿ ಲಾ ಕಾಲೇಜಿನಲ್ಲೇ ಓದಿದವರೆಂಬುದು ನನಗೆ ಪಟ್ಟಿಗೆ ಸೇರದ ಖುಷಿ.

ಮಾಮ ನನ್ನ ಪಟ್ಟಿಯನ್ನು ಪೆನ್ಸಿಲ್ ಹಿಡಿದು ಓದಿದರು. 'ಐತಿಹಾಸಿಕ', 'ಅನ್ಯಾಯದ' ಮೊದಲಾದ ವಿಶೇಷಣಗಳೆಲ್ಲ ಕಾಟು ಬಿದ್ದವು. ತೀರ್ಪಿನ ಸಾಲಿನಲ್ಲಿ ನಾನು ಇಸವಿ ಮಾತ್ರ ಬರೆದಿದ್ದೆ. ಅದರ ಪಕ್ಕದಲ್ಲಿ ಅವರೇ '24 ಏಪ್ರಿಲ್' ಎಂದು ಸೇರಿಸಿ, ತಮ್ಮ ಹಳೆಯ ಬಾಡಿಗೆ ಪ್ರಕರಣವೊಂದರ ಕಡತವನ್ನು ನನ್ನ ಮುಂದಿಟ್ಟು, ಭಾನುವಾರದೊಳಗೆ ಇದರ ಪಟ್ಟಿಯೂ ಆಗಲಿ ಎಂದರು.