ನಮ್ಮ ಮನೇಲೆಲ್ಲ ಹಿಂಗೇ

ಜನವರಿ ತಿಂಗಳು, ಕಾಫಿ ಕೊಯ್ಲಿನ ಹೊತ್ತು. ಕಣದ ತುಂಬ ಹಣ್ಣು ಹರವಿತ್ತು. ಶಾಲೆಗೆ ಹೊರಟಿದ್ದ ಮಗಳು ಕಣದ ಅಂಚಿಗೇ ಕುಸಿದು ಕೂತಳು. "ಅಮ್ಮಾ, ಕಣ್ಣು ಕತ್ತಲೆ ಬರ್ತಿದೆ" ಅಂದಳು. ಎಬ್ಬಿಸಲು ಹೋದರೆ ಯೂನಿಫಾರಂ ಹಿಂದೆಲ್ಲ ಒದ್ದೆ. ಏಳು ಗಂಟೆಗೆ ಪ್ಯಾಡ್ ಬದಲಿಸಿದ್ದಳು, ಇನ್ನೂ ಎಂಟಾಗಿರಲಿಲ್ಲ. ಅವತ್ತು ಅವಳ ಮುಟ್ಟಿನ ಹನ್ನೊಂದನೇ ದಿನ.

ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದೆ. ಒಗೆದ ಬಟ್ಟೆಯ ಹಾಗೆ ಬೆಳ್ಳಗಿತ್ತು.

ಅವಳು ದೊಡ್ಡವಳಾಗಿ ಆಗ ಹತ್ತು ತಿಂಗಳು. ಸೋದರಮಾವ ಬಂದು ಹಸಿರು ಸೊಪ್ಪಿನ ಗುಡ್ಲು ಕಟ್ಟಿದ್ದ. ಚಿಗಳಿ, ಕೊಬ್ಬರಿ, ಬೆಲ್ಲ ತಿನ್ನಿಸಿ ಆರತಿ ಎತ್ತಿದ್ದೆವು. ಅಲ್ಲಿ ಕೂರಬೇಡ, ಅದನ್ನ ಮುಟ್ಟಬೇಡ ಅಂತ ಹೇಳಿಕೊಡಲು ಹತ್ತು ಜನ ಇದ್ದರು. ಎಷ್ಟು ಹೋದರೆ ಹೆಚ್ಚು ಅಂತ ಒಬ್ಬರೂ ಹೇಳಲಿಲ್ಲ. ನಾನೂ ಹೇಳಲಿಲ್ಲ, ಯಾಕೆಂದರೆ ನನಗೇ ಗೊತ್ತಿರಲಿಲ್ಲ. ಪ್ರತಿ ಸಲ ಒಂಬತ್ತು ದಿನ, ಹತ್ತು ದಿನ ಹೋಗುತ್ತಿತ್ತು. ಮೂಡಿಗೆರೆ ಕಡೆಯ ತವರಿಗೆ ಫೋನ್ ಮಾಡಿದರೆ ಅಮ್ಮ, "ನಮ್ಮ ಮನೇಲೆಲ್ಲ ಹಿಂಗೇ ಕಣೆ. ನಿಂಗೂ ಹಿಂಗೇ ಹೋಗ್ತಿರ್ಲಿಲ್ವಾ?" ಅನ್ನುತ್ತಿದ್ದಳು. ಆ ಮಾತು ಕೇಳಿ ಸಮಾಧಾನವಾಗುತ್ತಿತ್ತು. ಅತ್ತೆ ಉಷ್ಣ ಅಂತ ಎಳನೀರು ಕೊಡಿಸಿದರು. ಹತ್ತಿರದ ಒಂದು ಕ್ಲಿನಿಕ್ಕಿನಲ್ಲಿ ಟಾನಿಕ್ ಬರೆದುಕೊಟ್ಟು, "ಮದುವೆ ಆದ್ಮೇಲೆ ಸರಿಹೋಗುತ್ತೆ" ಅಂದರು. ಹದಿಮೂರು ವರ್ಷದ ಮಗುವಿಗೆ! ಅವತ್ತೇ ನಾನು ಎದುರು ಕೇಳಬೇಕಿತ್ತು.

ಜೀಪಿನಲ್ಲಿ ಸಕಲೇಶಪುರದಿಂದ ಹಾಸನಕ್ಕೆ ಹೊರಟೆವು. ಬಾಳ್ಳುಪೇಟೆ ದಾಟುವಾಗ ನನ್ನ ತೊಡೆ ಮೇಲೆ ಮಲಗಿದ್ದವಳು ಮೆಲ್ಲಗೆ, "ಅಮ್ಮಾ, ಸೀಟು ಕೊಳೆಯಾದ್ರೆ ಅಪ್ಪ ಬೈತಾರಾ?" ಅಂತ ಕೇಳಿದಳು. ಸ್ಟೀರಿಂಗ್ ಹಿಡಿದಿದ್ದ ಇವರಿಗೂ ಅದು ಕೇಳಿಸಿತು. ಹಾಸನ ಮುಟ್ಟುವ ತನಕ ಇವರು ಮಾತಾಡಲಿಲ್ಲ.

ಹಿಮೋಗ್ಲೋಬಿನ್ 7.1 ಇತ್ತು. ಅವಳ ವಯಸ್ಸಿಗೆ 12ರ ಮೇಲಿರಬೇಕು. ಅಡ್ಮಿಟ್ ಮಾಡಿಕೊಂಡರು. ಸ್ಕ್ಯಾನಿಂಗ್ ಅಂದಾಗ ಮಗಳು ನನ್ನ ಕೈ ಗಟ್ಟಿಯಾಗಿ ಹಿಡಿದಳು. ಹೊಟ್ಟೆಯ ಮೇಲಿಂದಷ್ಟೇ ನೋಡಿದರು. ಗರ್ಭಕೋಶದಲ್ಲಿ ಏನೂ ತೊಂದರೆ ಕಾಣಲಿಲ್ಲ. ಆಮೇಲೆ ಲೇಡಿ ಡಾಕ್ಟರ್ ಕುರ್ಚಿ ಎಳೆದುಕೊಂಡು ಹಾಸಿಗೆಯ ಪಕ್ಕದಲ್ಲೇ ಕೂತರು. ಪ್ರಶ್ನೆಗಳನ್ನು ನನಗಿಂತ ಹೆಚ್ಚಾಗಿ ಮಗಳಿಗೇ ಕೇಳಿದರು. ಒಂದು ಪ್ಯಾಡ್ ಎಷ್ಟು ಹೊತ್ತು ತಡೆಯುತ್ತೆ? ರಾತ್ರಿ ಎದ್ದು ಬದಲಾಯಿಸ್ತೀಯಾ? ಹೆಪ್ಪು ಹೋಗುತ್ತಾ, ಒಂದು ರೂಪಾಯಿ ನಾಣ್ಯಕ್ಕಿಂತ ದೊಡ್ಡದಾ? ಅವಳು ತಲೆ ತಗ್ಗಿಸಿಕೊಂಡು ಎಲ್ಲಕ್ಕೂ ಹೂಂ ಅಂದಳು. ಗಂಟೆಗೊಂದು, ಎರಡು ಗಂಟೆಗೊಂದು ಪ್ಯಾಡ್ ತೊಯ್ದರೆ, ಏಳು ದಿನ ದಾಟಿದರೆ ಅದು ಸಹಜವಲ್ಲ, ತೋರಿಸಲೇಬೇಕು ಅಂದರು. ಇಷ್ಟು ಸರಳವಾದ ಲೆಕ್ಕ.

ಮುಂದಿನ ಪ್ರಶ್ನೆಗಳು ನನಗೆ ಎಲ್ಲಿಂದ ಎಲ್ಲಿಗೋ ಹೋದ ಹಾಗೆ ಅನ್ನಿಸಿತು. ಮೂಗಿನಲ್ಲಿ ರಕ್ತ ಬರುತ್ತಾ? ಬರುತ್ತೆ, ಪ್ರತಿ ಬೇಸಿಗೆಯಲ್ಲೂ. ಹತ್ತು ನಿಮಿಷದಲ್ಲಿ ನಿಲ್ಲುತ್ತಾ? ಇಲ್ಲ. ಮೈ ಮೇಲೆ ಸುಮ್ಮಸುಮ್ಮನೆ ನೀಲಿಗಟ್ಟುತ್ತಾ? ಹಲ್ಲು ಕೀಳಿಸಿದಾಗ ಯಾರಿಗಾದರೂ ರಕ್ತ ನಿಲ್ಲದೆ ಕಷ್ಟವಾಗಿತ್ತಾ? ನನಗೇ ಆಗಿತ್ತು, ರಾತ್ರಿಯಿಡೀ ಹತ್ತಿ ಕಚ್ಚಿಕೊಂಡಿದ್ದೆ. ಇವಳ ಬಾಣಂತನದಲ್ಲಿ ಎರಡು ಬಾಟಲಿ ರಕ್ತ ಹಾಕಿಸಿಕೊಂಡಿದ್ದೆ. ನಮ್ಮಮ್ಮನಿಗೆ ಮೂವತ್ತನಾಲ್ಕಕ್ಕೇ ಗರ್ಭಕೋಶ ತೆಗೆಸಿದ್ದರು. ಒಂದೊಂದಾಗಿ ಹೇಳುತ್ತಾ ಹೋದವಳು ಕೊನೆಗೆ, "ನಮ್ಮ ಮನೇಲೆಲ್ಲ ಹಿಂಗೇ ಡಾಕ್ಟ್ರೇ" ಅಂದೆ.

"ಅದನ್ನೇ ನಾನು ಕೇಳ್ತಿರೋದು" ಅಂದರು.

ಮೈನೆರೆದ ಮೊದಲ ಎರಡು ಮೂರು ವರ್ಷ ಎಷ್ಟೋ ಹುಡುಗಿಯರಲ್ಲಿ ತಿಂಗಳು ತಿಂಗಳೂ ಅಂಡ ಬಿಡುಗಡೆಯಾಗುವುದಿಲ್ಲವಂತೆ. ಆಗ ಗರ್ಭಕೋಶದ ಒಳಪದರ ದಪ್ಪವಾಗುತ್ತಾ ಹೋಗಿ ಒಮ್ಮೆಲೇ ಕಳಚಿಕೊಳ್ಳುತ್ತದೆ. ಹೆಚ್ಚಿನ ಸ್ರಾವಕ್ಕೆ ಬಹಳಷ್ಟು ಸಲ ಅದೇ ಕಾರಣ. ಆದರೆ ಇಷ್ಟು ಜೋರಾಗಿ ಹೋಗುವ ಕೆಲವರಲ್ಲಿ ರಕ್ತ ಹೆಪ್ಪುಗಟ್ಟುವ ಗುಣದಲ್ಲೇ ಕೊರತೆ ಇರುತ್ತದೆ. ಅದರಲ್ಲಿ ಹೆಚ್ಚಾಗಿ ಕಾಣುವುದು ವಾನ್ ವಿಲ್ಲೆಬ್ರಾಂಡ್ ಕಾಯಿಲೆ. ವಂಶದಲ್ಲಿ ಹರಿದು ಬರುವಂಥದ್ದು, ಗಂಡಿಗೂ ಬರುತ್ತದೆ, ಹೆಣ್ಣಿಗೂ ಬರುತ್ತದೆ. ಥೈರಾಯ್ಡ್ ಜೊತೆಗೆ ಅದರ ಪರೀಕ್ಷೆಗೂ ರಕ್ತ ತೆಗೆದು ಬೆಂಗಳೂರಿಗೆ ಕಳಿಸಿದರು.

ಸ್ರಾವ ನಿಲ್ಲಿಸಲು ನೊರೆಥಿಸ್ಟರಾನ್ ಮಾತ್ರೆ ಶುರು ಮಾಡಿದರು. ಅತ್ತೆ ಮಾತ್ರೆಯ ಪಟ್ಟಿ ನೋಡಿದವರೇ, "ಇದು ಹಬ್ಬಕ್ಕೆ ಮುಟ್ಟು ಮುಂದಕ್ಕೆ ಹಾಕೋ ಮಾತ್ರೆ ಅಲ್ವೇನವ್ವ? ಮಗೀಗೆ ನಾಳೆ ಮಕ್ಕಳಾಗ್ದಿದ್ರೆ?" ಅಂತ ಕಣ್ಣೀರು ಹಾಕಿದರು. ನನಗೂ ಒಳಗೊಳಗೆ ಅದೇ ಭಯ. ಡಾಕ್ಟರ್ ಅತ್ತೆಯನ್ನೇ ಕರೆಸಿ ಕೂರಿಸಿಕೊಂಡರು. ಇದು ಒಳಪದರವನ್ನು ಹಿಡಿದು ನಿಲ್ಲಿಸುವ ಹಾರ್ಮೋನು, ಮುಂದೆ ಮಕ್ಕಳಾಗುವುದಕ್ಕೆ ಇದರಿಂದ ಅಡ್ಡಿಯಿಲ್ಲ, ಮಾತ್ರೆ ನಿಲ್ಲಿಸಿದ ಎರಡು ಮೂರು ದಿನಕ್ಕೆ ಮತ್ತೆ ಸ್ರಾವ ಬರುತ್ತೆ, ಆಗ ಗಾಬರಿಯಾಗಬೇಡಿ ಅಂತ ಬಿಡಿಸಿ ಹೇಳಿದರು. ಮೂರನೇ ದಿನಕ್ಕೆ ರಕ್ತ ಹತೋಟಿಗೆ ಬಂತು. ಮಗಳು ಎದ್ದು ಕೂತು ಇಡ್ಲಿ ಕೇಳಿದಳು.

ಮುಂದಿನ ಮುಟ್ಟುಗಳಿಗೆ ಟ್ರಾನೆಕ್ಸಾಮಿಕ್ ಆಸಿಡ್ ಬರೆದುಕೊಟ್ಟರು. ಸ್ರಾವ ಇರುವ ದಿನಗಳಲ್ಲಿ ಮಾತ್ರ, ದಿನಕ್ಕೆ ಮೂರು ಹೊತ್ತು, ಐದು ದಿನ ಮೀರುವಂತಿಲ್ಲ. ಅದು ಹೊಸದಾಗಿ ಹೆಪ್ಪು ಕಟ್ಟಿಸುವುದಿಲ್ಲ, ಕಟ್ಟಿದ ಹೆಪ್ಪು ಕರಗದ ಹಾಗೆ ಕಾಯುತ್ತದೆ. 1962ರಲ್ಲಿ ಇದನ್ನು ಕಂಡುಹಿಡಿದವರು ಜಪಾನಿನ ಉಟಾಕೋ ಒಕಾಮೊಟೊ ಮತ್ತು ಅವರ ಗಂಡ ಶೋಸುಕೆ. ಹೆರಿಗೆಯ ರಕ್ತಸ್ರಾವದಿಂದ ಸಾಯುವ ತಾಯಂದಿರನ್ನು ಉಳಿಸಬೇಕು ಅನ್ನುವುದು ಉಟಾಕೋ ಅವರ ಆಸೆಯಾಗಿತ್ತು. ನೋವಿಗೆ ಅಂತ ಆಸ್ಪಿರಿನ್ ಮಾತ್ರ ಕೊಡಲೇಬೇಡಿ ಅಂತ ಡಾಕ್ಟರ್ ಹೇಳಿದರು.

ಕಬ್ಬಿಣದ ಮಾತ್ರೆಯದು ಇನ್ನೊಂದು ಪಾಠ. ಶಾಲೆಯಲ್ಲಿ ವಾರಕ್ಕೊಂದು ಕೊಡುವ ನೀಲಿ ಮಾತ್ರೆಯನ್ನು ಇವಳು ಹೊಟ್ಟೆ ತೊಳಸುತ್ತೆ ಅಂತ ಬ್ಯಾಗಿನಲ್ಲೇ ಉಳಿಸಿಕೊಂಡಿದ್ದಳು. ಆಸ್ಪತ್ರೆಯಲ್ಲಿ ಕೊಟ್ಟದ್ದನ್ನು ನಾನು ಬೆಳಗಿನ ಕಾಫಿಯ ಜೊತೆಗೇ ನುಂಗಿಸುತ್ತಿದ್ದೆ. ಕಾಫಿ, ಟೀ ಎರಡೂ ಕಬ್ಬಿಣ ಮೈಗೆ ಹತ್ತದಂತೆ ಮಾಡುತ್ತವಂತೆ. ಈಗ ನಿಂಬೆ ಪಾನಕದಲ್ಲಿ ನುಂಗುತ್ತಾಳೆ, ಕಾಫಿ ಎರಡು ಗಂಟೆ ಬಿಟ್ಟು. ಹಿಮೋಗ್ಲೋಬಿನ್ ಏರಿದ ಮೇಲೂ ಮೂರು ತಿಂಗಳು ಬಿಡದೆ ಕೊಟ್ಟೆ. ಒಳಗಿನ ದಾಸ್ತಾನು ತುಂಬಬೇಕಲ್ಲ.

ಬೆಂಗಳೂರಿನಿಂದ ವರದಿ ಬಂತು. ರಕ್ತ ಹೆಪ್ಪುಗಟ್ಟಲು ಬೇಕಾದ ವಾನ್ ವಿಲ್ಲೆಬ್ರಾಂಡ್ ಅಂಶ 28. ಮೂವತ್ತಕ್ಕಿಂತ ಕಡಿಮೆ ಇದ್ದರೆ ಕಾಯಿಲೆ ಇದೆ ಅಂತ ಲೆಕ್ಕ. ಇನ್ನೊಮ್ಮೆ ಮಾಡಿಸಿದಾಗಲೂ ಹಾಗೇ ಬಂತು. ಅವತ್ತು ರಾತ್ರಿ ಆ ಹೆಸರು ಎಲ್ಲಿಂದ ಬಂತು ಅಂತ ಓದುತ್ತಾ ಕೂತೆ. ಫಿನ್ಲೆಂಡಿನ ವೈದ್ಯ ಎರಿಕ್ ವಾನ್ ವಿಲ್ಲೆಬ್ರಾಂಡ್ 1926ರಲ್ಲಿ ಈ ಕಾಯಿಲೆಯ ಬಗ್ಗೆ ಬರೆದರು. ಆಲಂಡ್ ದ್ವೀಪದ ಐದು ವರ್ಷದ ಹುಡುಗಿಯೊಬ್ಬಳನ್ನು, ಅವಳ ಇಡೀ ವಂಶವನ್ನು ಅವರು ಪರೀಕ್ಷಿಸಿದ್ದರು. ಆ ಹುಡುಗಿ ಮುಂದೆ ಹದಿಮೂರನೇ ವಯಸ್ಸಿನಲ್ಲಿ, ತನ್ನ ನಾಲ್ಕನೇ ಮುಟ್ಟಿನಲ್ಲಿ ರಕ್ತ ನಿಲ್ಲದೆ ತೀರಿಕೊಂಡಳು. ಪಕ್ಕದಲ್ಲಿ ಹದಿಮೂರರ ಮಗಳು ಮಲಗಿದ್ದಳು. ಎದ್ದು ಹೋಗಿ ಅವಳ ಮೂಗಿನ ಹತ್ತಿರ ಕೈ ಹಿಡಿದು ಉಸಿರು ನೋಡಿದೆ.

ನನ್ನನ್ನೂ ಪರೀಕ್ಷೆ ಮಾಡಿದರು. ನನಗೂ ಇದೆ.

ಶಿವರಾತ್ರಿಗೆ ತವರಿಗೆ ಹೋದಾಗ ಅಮ್ಮನನ್ನು ಜಗುಲಿಯಲ್ಲಿ ಕೂರಿಸಿಕೊಂಡು ಕೇಳಿದೆ. ಮೊದಲು ಹೇಳಲು ಹಿಂಜರಿದಳು. ಆಮೇಲೆ ಒಂದೊಂದೇ ಬೆರಳು ಮಡಚುತ್ತಾ ಬಂದಳು: ಅವಳ ದೊಡ್ಡಮ್ಮ, ಹೆರಿಗೆಯಲ್ಲಿ ಹೋದಳು, ಪೀಡೆ ಬಡಿದಿದೆ ಅಂದಿದ್ದರಂತೆ. ಅವಳ ಅಕ್ಕ, ಮದುವೆಗೆ ಮೊದಲೇ ಬೆಳ್ಳಗಾಗಿ ತೀರಿಕೊಂಡವಳು. ಹಲ್ಲು ಕೀಳಿಸಲು ಹೆದರುತ್ತಿದ್ದ ಮಾವ. ಆಮೇಲೆ ಅಮ್ಮ, ನಾನು, ಮಗಳು. ಮಗಳೇ ಅವಳ ನೋಟುಬುಕ್ಕಿನ ಹಿಂದಿನ ಹಾಳೆಯಲ್ಲಿ ಗೆರೆ ಎಳೆದು ಒಬ್ಬೊಬ್ಬರ ಹೆಸರನ್ನೂ ಬರೆದುಕೊಂಡಳು. ನನ್ನ ಅಕ್ಕನ ಹೆಸರಿನ ಕೆಳಗೆ ಇನ್ನೂ ಹತ್ತು ವರ್ಷದ ಅವಳ ಮಗಳ ಹೆಸರು ಬಂತು. ಮಗಳು ಅಲ್ಲಿ ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ನಾನು ಅಕ್ಕನಿಗೆ ಫೋನ್ ಹಚ್ಚಿದೆ.